ಎರಡು ಜನರೇಟರ್ ಇದ್ದರೆ ಸಾಕೇ? ರಿಯಾಕ್ಟರ್ ಅಪಾಯದ ಲೆಕ್ಕ

ರಿಯಾಕ್ಟರ್ ನಿಲ್ಲಿಸಿದರೆ ಅಪಾಯ ಮುಗಿಯಿತು ಎಂದುಕೊಂಡೇ ನಮ್ಮಲ್ಲಿ ಹೆಚ್ಚಿನವರು ರಿಯಾಕ್ಟರ್ ಅಪಾಯವನ್ನು ಸಂಭವನೀಯತೆಯಲ್ಲಿ ಅಳೆಯುವ ಈ ಪಾಠ ಓದಲು ಕೂರುತ್ತೇವೆ. ಮುಗಿಯುವುದಿಲ್ಲ. ವಿದಳನ (ಪರಮಾಣು ಒಡೆಯುವ ಕ್ರಿಯೆ) ನಿಂತರೂ ಅದರಿಂದ ಹುಟ್ಟಿದ ವಿಕಿರಣಶೀಲ ವಸ್ತುಗಳು ಕ್ಷಯಿಸುತ್ತಾ ಶಾಖ ಬಿಡುತ್ತಲೇ ಇರುತ್ತವೆ: ನಿಂತ ಕೂಡಲೇ ಪೂರ್ಣ ಶಾಖಶಕ್ತಿಯ ಸುಮಾರು 6%, ಒಂದು ಗಂಟೆಯ ನಂತರ ಸುಮಾರು 1.5%. ನಮ್ಮ ಕೈಗಾದ, 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಒಂದು ಘಟಕದ ಶಾಖಶಕ್ತಿ 750 ಮೆಗಾವ್ಯಾಟ್ ದಾಟುತ್ತದೆ. ಅದರ 6% ಎಂದರೆ 45 ಮೆಗಾವ್ಯಾಟ್‌ಗೂ ಹೆಚ್ಚು. ಇಷ್ಟನ್ನು ಹೊರಸಾಗಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಗ್ರಿಡ್ ಕೈಕೊಟ್ಟರೆ ಡೀಸೆಲ್ ಜನರೇಟರ್.

ಇಂಥ ಸರಪಳಿಯನ್ನು ಸಂಭವನೀಯತೆಯ ಲೆಕ್ಕಕ್ಕೆ ಇಳಿಸುವ ದೊಡ್ಡ ಪ್ರಯತ್ನ 1975ರಲ್ಲಿ ಅಮೆರಿಕದಲ್ಲಿ, ನಾರ್ಮನ್ ರಾಸ್ಮುಸೆನ್ ನೇತೃತ್ವದ ವಾಶ್-1400 ವರದಿಯಲ್ಲಿ ಆಯಿತು. ಒಂದು ಘಟನೆಯಿಂದ ಮುಂದೆ ಏನೇನಾಗಬಹುದು ಎಂದು ಕವಲೊಡೆಸುವುದು ಇವೆಂಟ್ ಟ್ರೀ. ಒಂದು ವೈಫಲ್ಯದಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕುವುದು ಫಾಲ್ಟ್ ಟ್ರೀ. ಚಿತ್ರ ಬರೆಯುವುದು ಸುಲಭ. ಎಡವುವುದು ಗುಣಾಕಾರದಲ್ಲಿ.

ಒಂದು ಜನರೇಟರ್ 100 ಸಲದಲ್ಲಿ ಒಮ್ಮೆ ಸ್ಟಾರ್ಟ್ ಆಗುವುದಿಲ್ಲ ಎಂದಿಟ್ಟುಕೊಳ್ಳಿ. ಎರಡೂ ಕೈಕೊಡುವುದು 10,000ದಲ್ಲಿ ಒಮ್ಮೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಮಾತ್ರ. ವೈಫಲ್ಯಗಳಲ್ಲಿ 10% ಎರಡಕ್ಕೂ ತಗಲುವ ಒಂದೇ ಕಾರಣದಿಂದ ಬಂದರೆ (ಈ ಪಾಲಿಗೆ ಬೀಟಾ ಎನ್ನುತ್ತಾರೆ), ಉತ್ತರ ಸುಮಾರು 1,000ದಲ್ಲಿ ಒಮ್ಮೆ. ಹತ್ತು ಪಟ್ಟು ಕೆಟ್ಟಿತು. ಆ ಕಾರಣ ಮೂರನೆಯದಕ್ಕೂ ತಗಲುವಂತಿದ್ದರೆ ಇನ್ನೊಂದು ಜನರೇಟರ್ ತಂದಿಟ್ಟರೂ ಉತ್ತರ ಅಲ್ಲೇ ನಿಲ್ಲುತ್ತದೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ನೀರು ನುಗ್ಗಿದ್ದು ಬೆಂಗಳೂರಿನವರಿಗೆ ನೆನಪಿರುತ್ತದೆ. ಕರೆಂಟ್ ಪ್ಯಾನೆಲ್ಲೂ ಡೀಸೆಲ್ ಜನರೇಟರೂ (ಡಿಜಿ) ಒಂದೇ ಬೇಸ್‌ಮೆಂಟಿನಲ್ಲಿದ್ದರೆ, ಡಿಜಿ ಎಷ್ಟಿದ್ದರೇನು? 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದಲ್ಲಿ ಆದದ್ದೂ ಇದೇ. ಸುನಾಮಿಯ ನೀರು ಟರ್ಬೈನ್ ಕಟ್ಟಡಗಳ ತಳಕ್ಕೆ ಇಳಿದು ಜನರೇಟರ್‌ಗಳನ್ನೂ ಸ್ವಿಚ್ ಬೋರ್ಡುಗಳನ್ನೂ ಒಟ್ಟಿಗೆ ಕೆಡಿಸಿತು. ಕೆಲಸ ಮಾಡುತ್ತಾ ಉಳಿದದ್ದು 6ನೇ ಘಟಕದ ಒಂದೇ ಜನರೇಟರ್: ತಣಿಯಲು ಸಮುದ್ರದ ನೀರು ಬೇಡದ, ಗಾಳಿಯಿಂದಲೇ ತಣಿಯುವಂಥದ್ದು. 5 ಮತ್ತು 6ನೇ ಘಟಕಗಳನ್ನು ಕಾಪಾಡಿದ್ದು ಅದೇ.

ಇನ್ನೊಂದು ನಮ್ಮ ದೇಶದ್ದೇ. ಸುದ್ದಿಯಾದದ್ದು ಕಡಿಮೆ, ಕಲಿಯುವುದಕ್ಕೆ ಬೇಕಾದಷ್ಟಿದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ರೆಕ್ಕೆ ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಹಾಕಿದ್ದ ಕೇಬಲ್‌ಗಳು ಸರಿಯಾದ ಅಗ್ನಿತಡೆಯಿಲ್ಲದೆ ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು, ಎಲ್ಲವೂ ಸುಟ್ಟವು. ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ ಇರಲಿಲ್ಲ. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸಿಬ್ಬಂದಿ, ರಿಯಾಕ್ಟರಿನ ಶಾಖದಿಂದ ಹಬೆ ಮಾಡುವ ಸ್ಟೀಮ್ ಜನರೇಟರ್‌ಗಳಿಗೆ ನೀರು ಹಾಯಿಸಿ ರಿಯಾಕ್ಟರನ್ನು ತಣಿಸಿದರು. ಮನುಷ್ಯರ ಇಂಥ ಸಮಯಪ್ರಜ್ಞೆಗೂ ಅಪಾಯದ ಮೌಲ್ಯಮಾಪನದಲ್ಲಿ ಒಂದು ಅಂಕಿ ಕೊಡಬೇಕಾಗುತ್ತದೆ. ನನಗೆ ಅತ್ಯಂತ ಅನುಮಾನ ಬರುವ ಅಂಕಿ ಅದೇ.

ಈ ಮೌಲ್ಯಮಾಪನದ ಹಂತಗಳು ಮೂರು: ಇಂಧನಕ್ಕೆ ಹಾನಿಯಾಗುವ ಸಾಧ್ಯತೆ, ವಿಕಿರಣ ಹೊರಬೀಳುವ ಸಾಧ್ಯತೆ, ಜನರ ಮೇಲಿನ ಪರಿಣಾಮ. ಹಳೆಯ ಸ್ಥಾವರಗಳಿಗೆ ಮೊದಲ ಹಂತದ ಅಂತರರಾಷ್ಟ್ರೀಯ ಗುರಿ 10,000 ರಿಯಾಕ್ಟರ್-ವರ್ಷಕ್ಕೆ (ಒಂದು ರಿಯಾಕ್ಟರ್ ಒಂದು ವರ್ಷ ಓಡಿದರೆ ಒಂದು ರಿಯಾಕ್ಟರ್-ವರ್ಷ) ಒಂದಕ್ಕಿಂತ ಕಡಿಮೆ, ಹೊಸವಕ್ಕೆ 1,00,000ಕ್ಕೆ ಒಂದು. ಜಗತ್ತಿನಲ್ಲಿ 400ಕ್ಕೂ ಹೆಚ್ಚು ರಿಯಾಕ್ಟರ್ ಓಡುತ್ತಿವೆ. ಎಲ್ಲವೂ ಹಳೆಯ ಗುರಿಯ ಅಂಚಿನಲ್ಲೇ ನಿಂತರೆ, ಎಲ್ಲೋ ಒಂದು ಕಡೆ 25 ವರ್ಷಕ್ಕೊಮ್ಮೆ ಇಂಧನ ಕೆಡುತ್ತದೆ ಎಂದಾಯಿತು. ಹೀಗಾಗಿ ಯಾವ ವರದಿ ಕೈಗೆ ಸಿಕ್ಕರೂ ಕೊನೆಯ ಪುಟದ ಅಂಕಿಗೆ ಹೋಗುವ ಮೊದಲು ಬೀಟಾ ಎಷ್ಟು ಹಿಡಿದಿದ್ದಾರೆ, ಪ್ರವಾಹ ಮತ್ತು ಬೆಂಕಿಯನ್ನು ಲೆಕ್ಕಕ್ಕೆ ಸೇರಿಸಿದ್ದಾರೆಯೇ ನೋಡಿಕೊಳ್ಳಿ.