ಫ್ರೀ ಆಟದ ಕ್ಯಾರೆಕ್ಟರಿಗೆ ಕ್ರಯ ಎಷ್ಟು? ನಾಣ್ಯ, ಡೈಮಂಡ್, ರೂಪಾಯಿಯ ಹಿಂದಿನ ಲೆಕ್ಕ

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಕಾಸರಗೋಡಿನ ಬದಿಯಡ್ಕ ಕಡೆಯ ಶಾಲೆಯೊಂದರ ಪಿಟಿಎ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಗೇಮ್ ಎಲ್ಲ ಬ್ಯಾನ್ ಆಗಿದೆಯಂತಲ್ಲ ಮಾಷ್ಟ್ರೇ, ಮತ್ತೆ ನನ್ನ ಅಕೌಂಟಿನಿಂದ ಪೈಸೆ ಹೋಗುವುದು ಹೇಗೆ?"

ಮಾಷ್ಟ್ರ ಹತ್ತಿರ ಉತ್ತರವಿರಲಿಲ್ಲ. ಸಭೆಯಲ್ಲಿದ್ದವರು ತಲೆಗೊಂದು ಮಾತು ಹೇಳಿದರು. ಒಬ್ಬರು ರಮ್ಮಿ ಅಂದರು, ಇನ್ನೊಬ್ಬರು ಪಬ್‌ಜಿ ಅಂದರು, ಹಿಂದಿನ ಬೆಂಚಿನವರು ಓಟಿಪಿ ಮೋಸವೇ ಇರಬೇಕು ಅಂದರು. ಆ ತಾಯಿಯ ಹುಡುಗ ಮಾಡಿದ್ದು ಈ ಮೂರೂ ಅಲ್ಲ. ಫ್ರೀಯಾಗಿ ಸಿಗುವ ಆಟವೊಂದರಲ್ಲಿ ಅವನು ಒಂದು ಕ್ಯಾರೆಕ್ಟರ್ ಕೊಂಡಿದ್ದ, ಅಷ್ಟೆ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಡೇರೆ ಮೇಳಕ್ಕೆ ಟಿಕೆಟ್ ಇತ್ತು, ಹರಕೆ ಬಯಲಾಟಕ್ಕೆ ಇಲ್ಲ. ಟಿಕೆಟ್ ಇಲ್ಲವೆಂದ ಮಾತ್ರಕ್ಕೆ ಬಯಲಾಟಕ್ಕೆ ಖರ್ಚೇ ಇಲ್ಲವೆಂದು ಯಾರೂ ಭಾವಿಸುವುದಿಲ್ಲ. ಖರ್ಚು ಕೊಟ್ಟು ಆಟ ಆಡಿಸುವವರ ಹೆಸರು ಕರಪತ್ರದಲ್ಲೇ ಅಚ್ಚಾಗಿರುತ್ತದೆ. ಫೋನಿನ ಫ್ರೀ ಆಟವನ್ನು ಆಡಿಸುವವರು ಆಡುವವರಲ್ಲೇ ಕೆಲವರು. ಅವರ ಹೆಸರು ಎಲ್ಲೂ ಇರುವುದಿಲ್ಲ. ಇನ್ನು ಅಂಗಡಿಯಲ್ಲಿ ಮಾರುವ ಸರಕಿನಲ್ಲಿ ಎರಡು ಬಗೆ. 'ಸ್ಕಿನ್' ಅಂದರೆ ಬಣ್ಣ, ಕಿರೀಟ, ಭುಜಕೀರ್ತಿ: ನೋಡಲು ಚಂದ, ಸಾಮಾನ್ಯವಾಗಿ ಆಟದ ಬಲ ಹೆಚ್ಚುವುದಿಲ್ಲ. 'ಕ್ಯಾರೆಕ್ಟರ್' ಅಂದರೆ ವೇಷಧಾರಿಯೇ: ಅವನಿಗೆ ತನ್ನದೇ ಒಂದು ವಿದ್ಯೆ ಇರುತ್ತದೆ. ಕೊಳ್ಳುವ ಇಲ್ಲವೇ ಆಡಿ ಗಳಿಸುವ ತನಕ ಬಳಸಲು ಬಿಡದ ಬೀಗ ಬೀಳುವುದು ಈ ಎರಡನೆಯದಕ್ಕೆ. ಜಗಳವೆಲ್ಲ ಇರುವುದೂ ಅಲ್ಲೇ.

ಆಟ ಫ್ರೀ, ಒಳಗಿನ ವಸ್ತುವಿಗೆ ದುಡ್ಡು ಎಂಬ ಪದ್ಧತಿ 2000ದ ಆಸುಪಾಸಿನಲ್ಲಿ ದಕ್ಷಿಣ ಕೊರಿಯಾದಲ್ಲಿ ಬೇರು ಬಿಟ್ಟಿತು. ಬೀಗ ಹಾಕಿದ ಕ್ಯಾರೆಕ್ಟರಿಗೆ ಜಗತ್ತೇ ನೋಡುವಂಥ ದರಪಟ್ಟಿ ಬಂದದ್ದು 2009ರ ಅಕ್ಟೋಬರಿನಲ್ಲಿ, 'ಲೀಗ್ ಆಫ್ ಲೆಜೆಂಡ್ಸ್' ಜೊತೆಗೆ. ಆ ಆಟದ ಕ್ಯಾರೆಕ್ಟರುಗಳಿಗೆ 'ಚಾಂಪಿಯನ್' ಎಂದು ಹೆಸರು. ಅಂದು 40 ಚಾಂಪಿಯನ್‌ಗಳಿದ್ದರು, ಈಗ 170 ದಾಟಿದೆ. ಆಗ ಒಬ್ಬೊಬ್ಬನಿಗೂ ಎರಡೆರಡು ಕ್ರಯ ಇತ್ತು. ಆಡಿ ಗಳಿಸಿದ ಅಂಕಗಳಲ್ಲಿ 450ರಿಂದ 6300ರವರೆಗೆ. ದುಡ್ಡು ಕೊಟ್ಟು ಕೊಂಡ 'ರಾಯಟ್ ಪಾಯಿಂಟ್'ಗಳಲ್ಲಿ 260ರಿಂದ 975ರವರೆಗೆ. ಆಗ ದಿನದ ಮೊದಲ ಗೆಲುವಿಗೆ 150 ಅಂಕ ಹೆಚ್ಚುವರಿಯಾಗಿ ಸಿಗುತ್ತಿತ್ತು. ಆ ಇನಾಮೊಂದನ್ನೇ ಕೂಡಿಡುತ್ತಾ ಹೋದರೆ 6300ರ ಒಬ್ಬ ಚಾಂಪಿಯನ್ನಿಗೆ 42 ದಿನ ಬೇಕು. ವಾರಕ್ಕೆ ಕೆಲವು ಚಾಂಪಿಯನ್‌ಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಬಿಡುವ ಕ್ರಮವೂ ಇತ್ತು, ಮಾವಿನಹಣ್ಣು ಮಾರುವವನು ಒಂದು ಹೋಳು ಕೊಯ್ದು ಕೈಗೆ ಕೊಟ್ಟ ಹಾಗೆ.

ಎರಡು ಕ್ರಯ ಇಟ್ಟದ್ದರ ಮರ್ಮ ಆಗ ಹೆಚ್ಚಿನವರಿಗೆ ಹೊಳೆಯಲಿಲ್ಲ. ಒಂದು ಸಮಯದ ಕ್ರಯ, ಇನ್ನೊಂದು ದುಡ್ಡಿನ ಕ್ರಯ. ಮೊದಲನೆಯದು ಎಷ್ಟು ಸಾವಕಾಶವಾಗಿದೆಯೋ ಎರಡನೆಯದು ಅಷ್ಟು ಅಗ್ಗವಾಗಿ ಕಾಣುತ್ತದೆ. 2013ರಲ್ಲಿ ಅದೇ ಜಾತಿಯ 'ಡೋಟ 2' ಎಲ್ಲ ಹೀರೋಗಳನ್ನೂ ಮೊದಲ ದಿನದಿಂದಲೇ ಬಿಟ್ಟಿ ಕೊಟ್ಟು, ಬರಿಯ ವೇಷಭೂಷಣ ಮಾರಿ ಬದುಕಿ ತೋರಿಸಿತು. ಹಾಗಾಗಿ ಬೀಗ ಹಾಕದೆ ಆಟ ನಡೆಯದು ಎಂಬ ಮಾತಿಗೆ ಆಗಲೇ ಉತ್ತರ ಸಿಕ್ಕಿತ್ತು. ಬೀಗ ಮಾತ್ರ ಉಳಿಯಿತು.

ಇವೆಲ್ಲ ಕಂಪ್ಯೂಟರಿನ ಆಟಗಳು, ಕಾಸರಗೋಡಿನ ಹಳ್ಳಿಮನೆಗಳಿಗೆ ಬಂದದ್ದು ಕಡಿಮೆ. ಇಲ್ಲಿಗೆ ಬಂದದ್ದು 'ಫ್ರೀ ಫೈರ್'. 2017ರ ಕೊನೆಗೆ ಹೊರಬಂದ ಈ ಆಟ ಕಡಿಮೆ ಕ್ರಯದ ಫೋನಿನಲ್ಲೂ ಓಡುತ್ತಿತ್ತು, ಹತ್ತು ನಿಮಿಷದಲ್ಲಿ ಒಂದು ಮ್ಯಾಚ್ ಮುಗಿಯುತ್ತಿತ್ತು. 2020ರ ಜೂನಿನಲ್ಲಿ, ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, ಕೇರಳದಲ್ಲಿ ವಿಕ್ಟರ್ಸ್ ಎಂಬ ಶಿಕ್ಷಣ ಟಿವಿ ವಾಹಿನಿಯ ಪಾಠ ಶುರುವಾಯಿತು. ಹೋಮ್‌ವರ್ಕ್ ವಾಟ್ಸಾಪಿಗೆ ಬರತೊಡಗಿದಾಗ ಮನೆಯಲ್ಲಿದ್ದ ಒಂದೇ ಫೋನು ಮಗುವಿನ ಕೈಗೆ ಹೋಯಿತು. ಗಲ್ಫಿನಲ್ಲಿದ್ದ ಅಪ್ಪ ಕಳಿಸಿದ ಹೊಸ ಫೋನಾದರೂ ಅಷ್ಟೆ, ಅಜ್ಜನ ಹಳೆಯ ಫೋನಾದರೂ ಅಷ್ಟೆ. ಅದೇ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದ್ದರಿಂದ ಅಲ್ಲಿದ್ದ ಎಷ್ಟೋ ಮಕ್ಕಳು ಇತ್ತ ಬಂದರು.

ಆ ಹೊತ್ತಿಗೆ ಮಕ್ಕಳ ಬಾಯಲ್ಲಿ ಒಂದೇ ಹೆಸರು: ಅಲೋಕ್. ಬ್ರೆಜಿಲಿನ ನಿಜವಾದ ಡಿಜೆಯೊಬ್ಬರ ಹೆಸರು, ರೂಪದಲ್ಲಿ 2019ರ ಕೊನೆಗೆ ಬಂದ ಕ್ಯಾರೆಕ್ಟರ್ ಅದು. ಅವನು ಸಂಗೀತ ಹಾಕಿದರೆ ಸುತ್ತ ಐದು ಮೀಟರಿನೊಳಗೆ ಇರುವ ಜೊತೆಗಾರರ ಓಟ ಜೋರಾಗುತ್ತದೆ, ಗಾಯವೂ ಮಾಯುತ್ತದೆ. ನಾಲ್ವರ ತಂಡದಲ್ಲಿ ಇಂಥವನೊಬ್ಬ ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರ. ಬೇರೆ ಹಲವು ಕ್ಯಾರೆಕ್ಟರ್‌ಗಳು ಆಡಿ ಗಳಿಸಿದ 2000 ಇಲ್ಲವೇ 8000 ಚಿನ್ನದ ನಾಣ್ಯಕ್ಕೆ ಸಿಗುತ್ತಿದ್ದವು. ಅಲೋಕನಿಗೆ ಆಗ ನಾಣ್ಯ ನಡೆಯುತ್ತಿರಲಿಲ್ಲ, ದುಡ್ಡು ಕೊಟ್ಟು ಕೊಳ್ಳುವ ಡೈಮಂಡೇ ಆಗಬೇಕಿತ್ತು: 599.

ನನ್ನ ಅಕ್ಕನ ಮಗ ಆಗ ಎಂಟನೇ ಕ್ಲಾಸು. 2021ರ ಮಳೆಗಾಲದ ಒಂದು ಸಂಜೆ ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತ. "ಎನಗೆ ಅಲೋಕ್ ಬೇಕು ಮಾವ. ಅವ ಇಲ್ಲದ್ರೆ ಆರೂ ಟೀಮಿಂಗೆ ಸೇರ್ಸಿಗೊಳ್ತವಿಲ್ಲೆ." ಎಷ್ಟು ಎಂದೆ. 599 ಎಂದ. ರೂಪಾಯಿಯಾ ಎಂದೆ. ಅಲ್ಲ, ಡೈಮಂಡು. ಡೈಮಂಡಿಗೆ ಎಷ್ಟು ಎಂದರೆ ಹುಡುಗ ಸುಮ್ಮನೆ ಕೂತ. ಗೊತ್ತಿಲ್ಲದೆ ಅಲ್ಲ, ಲೆಕ್ಕ ಹಾಕುತ್ತಿದ್ದ.

ಆ ಲೆಕ್ಕವನ್ನು ನಾನೂ ಹಾಕಿ ನೋಡಿದೆ. ಆಗ ಭಾರತದಲ್ಲಿ 100 ಡೈಮಂಡಿಗೆ ₹80, 310ಕ್ಕೆ ₹250, 520ಕ್ಕೆ ₹400, 1060ಕ್ಕೆ ₹800. 599ರ ಕಟ್ಟು ಎಂಬುದು ಪಟ್ಟಿಯಲ್ಲೇ ಇಲ್ಲ. 520ರದ್ದೊಂದು, 100ರದ್ದೊಂದು ಕೊಂಡರೆ ₹480, ಕೈಯಲ್ಲಿ 21 ಡೈಮಂಡು ಉಳಿಯುತ್ತದೆ. ಆ 21 ವಾಪಸು ರೂಪಾಯಿಯಾಗುವುದಿಲ್ಲ. ಅದರಲ್ಲಿ ಇನ್ನೊಬ್ಬ ಕ್ಯಾರೆಕ್ಟರೂ ಬರುವುದಿಲ್ಲ. ಕಿಸೆಯಲ್ಲಿ ಉಳಿದ ಚಿಲ್ಲರೆ ಮತ್ತೆ ಅಂಗಡಿಗೇ ಕರೆಯುತ್ತದೆ. ಇಂಥ ಚಿಲ್ಲರೆ ಉಳಿಯದ ಆಟದ ಅಂಗಡಿಯನ್ನು ನಾನು ಕಂಡದ್ದು ಅಪರೂಪ. ₹480 ಅಂದರೆ ಆಗಿನ ಧಾರಣೆಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಚಾಲಿ ಅಡಕೆ. ನಾನು ಅಡಕೆಯ ಲೆಕ್ಕದಲ್ಲಿ ಹೇಳಿದಾಗ ಮಾತ್ರ ಹುಡುಗನ ಮುಖ ಸ್ವಲ್ಪ ಬಾಡಿತು.

ಕೊಂಡಲ್ಲಿಗೆ ಮುಗಿಯಿತೇ ಎಂದರೆ ಅದೂ ಇಲ್ಲ. ಆಗ ಕ್ಯಾರೆಕ್ಟರನ್ನು ಮೇಲಿನ ಲೆವೆಲಿಗೆ ಏರಿಸಿದರೆ ಮಾತ್ರ ವಿದ್ಯೆ ಪೂರ್ತಿಯಾಗುತ್ತಿತ್ತು. ಒಬ್ಬನ ವಿದ್ಯೆಯನ್ನು ಇನ್ನೊಬ್ಬನಿಗೆ ಹಾಕಲು 'ಸ್ಲಾಟ್', ಅಂದರೆ ಅದಕ್ಕೊಂದು ಜಾಗ, ಬೇಕಿತ್ತು. ಅದಕ್ಕೂ ಒಂದು ಕ್ರಯ. ಹಾಗಾಗಿ ಒಬ್ಬನನ್ನು ಕೊಂಡವನು ಅವನಿಗೆ ಸರಿಹೊಂದುವ ಮತ್ತೆ ಮೂವರನ್ನು ಹುಡುಕಲು ಶುರು ಮಾಡುತ್ತಾನೆ. ಇದರ ನಡುವೆ ಅಗ್ಗದ ಡೈಮಂಡಿನ ವ್ಯಾಪಾರವೂ ಹುಟ್ಟಿಕೊಂಡಿತ್ತು. ನಮ್ಮ ಹುಡುಗ ಯಾರೋ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಕ್ರಯಕ್ಕೆ ಹಾಕಿ ಕೊಡುತ್ತೇನೆಂದದ್ದನ್ನು ನಂಬಿ, ವಿಷುವಿಗೆ ಸಿಕ್ಕಿದ ₹200 ಕಳಿಸಿ ಕೂತಿದ್ದನಂತೆ. ಡೈಮಂಡು ಬರಲಿಲ್ಲ. ಕಳಿಸಿದ ನಂಬರೂ ಮತ್ತೆ ಸಿಗಲಿಲ್ಲ. ಇದು ನಮಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ.

2022ರ ಫೆಬ್ರವರಿ 14ರಂದು ಫ್ರೀ ಫೈರ್ ಕೂಡ ನಿಷೇಧದ ಪಟ್ಟಿಗೆ ಬಿತ್ತು, ಒಟ್ಟು 54 ಆ್ಯಪ್‌ಗಳಲ್ಲಿ ಒಂದಾಗಿ. ಅಂದು ಎಷ್ಟೋ ತಾಯಂದಿರು ನಿಟ್ಟುಸಿರುಬಿಟ್ಟಿರಬೇಕು. ಆದರೆ ಅದರ ದೊಡ್ಡಣ್ಣ 'ಫ್ರೀ ಫೈರ್ ಮ್ಯಾಕ್ಸ್' ಆ ಪಟ್ಟಿಯಲ್ಲಿರಲಿಲ್ಲ, ಮೇಲಾಗಿ ಎರಡಕ್ಕೂ ಒಂದೇ ಐಡಿ. ಕೊಂಡ ಅಲೋಕ್ ಅಲ್ಲಿ ಹಾಗೇ ಕಾಯುತ್ತಿದ್ದ. ನಿಷೇಧಕ್ಕೆ ಕಾರಣವಾದದ್ದು ದತ್ತಾಂಶದ ಸುರಕ್ಷತೆಯೇ ಹೊರತು ಕ್ಯಾರೆಕ್ಟರಿನ ಕ್ರಯವಲ್ಲ. ಮುಂದೆ ಅದೇ ವರ್ಷ ಆಡುತ್ತಾ ಆಡುತ್ತಾ ಕ್ಯಾರೆಕ್ಟರ್ ಪಡೆಯುವ 'ಲಿಂಕ್' ವ್ಯವಸ್ಥೆ ಬಂತು. ಎರಡು ವರ್ಷ ಮುಂಚೆ ದುಡ್ಡು ಸುರಿದ ಮಕ್ಕಳಿಗೆ ಇದು ಹೇಗೆ ಕಂಡಿತೋ.

ಹೊರಗಿನ ಜಗತ್ತಿನಲ್ಲಿ ಇಂಥ ಕ್ರಯ ಇಳಿದದ್ದು ಹೆಚ್ಚಾಗಿ ಗಲಾಟೆಯಾದ ಮೇಲೆಯೇ. 2017ರ ನವೆಂಬರಿನಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬರುವಾಗ ಆ ಸಿನಿಮಾಗಳ ಖಳನಾಯಕ ಡಾರ್ತ್ ವೇಡರನ ಬೀಗ ತೆಗೆಯಲು ಆಟದೊಳಗಿನ 60,000 ಕ್ರೆಡಿಟ್ ಬೇಕಿತ್ತು. ಅದು ಫ್ರೀ ಆಟವೂ ಅಲ್ಲ, ಪೂರ್ತಿ ಕ್ರಯ ಕೊಟ್ಟು ಕೊಂಡವರಿಗೆ ಈ ಬೀಗ. ಜನ ತಿರುಗಿಬಿದ್ದಾಗ ಕೆಲವೇ ದಿನಗಳಲ್ಲಿ ಅದು 15,000ಕ್ಕೆ ಇಳಿಯಿತು. 2022ರ ಅಕ್ಟೋಬರಿನಲ್ಲಿ ಫ್ರೀಯಾದ 'ಓವರ್‌ವಾಚ್ 2' ಹೊಸ ಹೀರೋಗಳನ್ನು ಬ್ಯಾಟಲ್ ಪಾಸ್ ಎಂಬ, ಆಡುತ್ತಾ ಹತ್ತುವ ಇನಾಮುಗಳ ಮೆಟ್ಟಿಲಸಾಲಿನೊಳಗೆ ಇಟ್ಟಿತು: ದುಡ್ಡು ಕೊಟ್ಟರೆ ತಕ್ಷಣ, ಇಲ್ಲದಿದ್ದರೆ 55ನೇ ಮೆಟ್ಟಿಲು ಹತ್ತಬೇಕು. 2024ರ ಏಪ್ರಿಲಿನಲ್ಲಿ ಆ ಬೀಗವನ್ನೂ ತೆಗೆದರು.

ಇನ್ನೊಂದು ಕವಲು ಮಾತ್ರ ಇಳಿಯುವ ಲಕ್ಷಣ ತೋರಿಸಿಲ್ಲ. ಅಲ್ಲಿ ಕ್ಯಾರೆಕ್ಟರನ್ನು ಮಾರುವುದೇ ಇಲ್ಲ, ಕ್ಯಾರೆಕ್ಟರ್ ಸಿಗುವ ಅವಕಾಶವನ್ನು ಮಾರುತ್ತಾರೆ. ಜಪಾನಿನಲ್ಲಿ ನಾಣ್ಯ ಹಾಕಿ ತಿರುವಿದರೆ ಬೊಂಬೆ ಉದುರುವ ಪೆಟ್ಟಿಗೆಯಿಂದ ಬಂದ ಹೆಸರು, 'ಗಾಚಾ'. 2020ರ 'ಗೆನ್‌ಶಿನ್ ಇಂಪ್ಯಾಕ್ಟ್' ಇದನ್ನು ಮನೆಮನೆಗೆ ತಂದಿತು. ಒಂದು ಎಳೆತಕ್ಕೆ, ಅಂದರೆ ಒಂದು ಸಲ ಅದೃಷ್ಟ ನೋಡುವುದಕ್ಕೆ, 160 ಪ್ರಿಮೊಜೆಮ್ ಎಂಬ ಆಟದೊಳಗಿನ ಹಣ. ಅತಿ ಅಪರೂಪದ ಐದು ನಕ್ಷತ್ರದವನು ಬರುವ ಸಾಧ್ಯತೆ ಶೇಕಡಾ 0.6. 90 ಎಳೆತದೊಳಗೆ ಒಬ್ಬ ಬಂದೇ ಬರುತ್ತಾನೆ. ಬೇಕಾದವನೇ ಬರುತ್ತಾನೆಂದಲ್ಲ, ಮೊದಲ ಸಲ ತಪ್ಪಿದರೆ 180ರವರೆಗೂ ಹೋಗಬಹುದು.

ನಮ್ಮ ಜಿಲ್ಲೆಯವರಿಗೆ ಅದೃಷ್ಟ ಮಾರುವುದು ಹೊಸತೇನಲ್ಲ. ಕೇರಳ ಸರ್ಕಾರವೇ 1967ರಿಂದ ಲಾಟರಿ ನಡೆಸುತ್ತಿದೆ. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿದ ಮೇಲೆ ತಲಪಾಡಿ ದಾಟಿ ಬಂದು ಟಿಕೆಟ್ ಕೊಳ್ಳುವವರೂ ಇದ್ದಾರೆ. ಆದರೆ ಲಾಟರಿಯ ಚೀಟಿಯ ಮೇಲೆ ಕ್ರಯ ರೂಪಾಯಿಯಲ್ಲೇ ಅಚ್ಚಾಗಿರುತ್ತದೆ. ಗಾಚಾದ ಚೀಟಿಗೆ ಕ್ರಯ ಪ್ರಿಮೊಜೆಮ್ಮಿನಲ್ಲಿ. ಜಪಾನ್ 2012ರಲ್ಲಿ ಗಾಚಾದ ಅತಿರೇಕದ ಒಂದು ರೂಪವನ್ನು ತಡೆಯಿತು, ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದಿತು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕೇರಳ 2021ರ ಫೆಬ್ರವರಿಯಲ್ಲಿ ಆನ್‌ಲೈನ್ ರಮ್ಮಿ ನಿಲ್ಲಿಸಿತ್ತು, ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ತಡೆಯುವುದು ಹಣ ಕಟ್ಟಿ, ಗೆದ್ದರೆ ಹಣ ಸಿಗುತ್ತದೆಂದು ಆಡುವ ಆಟಗಳನ್ನು. ಕ್ಯಾರೆಕ್ಟರ್ ಕೊಂಡವನಿಗೆ ಹಣ ಮರಳಿ ಬರುವ ಮಾತೇ ಇಲ್ಲ. ಬರೀ ಹೋಗುವ ಹಣಕ್ಕೆ ಆ ವ್ಯಾಖ್ಯೆಯೊಳಗೆ ಜಾಗವಿಲ್ಲ. ಮಾಷ್ಟ್ರು ಹೇಳಬಹುದಾಗಿದ್ದ ಉತ್ತರ ಇಷ್ಟೇ.

ನಮ್ಮ ಹುಡುಗ ಈಗ ಪ್ಲಸ್ ಟು. ಅಲೋಕನನ್ನು ಮರೆತಿದ್ದಾನೆ, ಎಳೆತದ ಬೇರೊಂದು ಆಟ ಹಿಡಿದಿದ್ದಾನೆ. ಮೊನ್ನೆ ಅವನ ಮೇಜಿನ ಮೇಲೆ ಅಜ್ಜನ ಅಡಕೆ ಲೆಕ್ಕದ ಹಳೆಯ ಪುಸ್ತಕ ಕಂಡಿತು. ಮೊದಲ ಪುಟಗಳಲ್ಲಿ ಚಾಲಿ, ಪಟೋರ, ಕಿಲೋ, ರೂಪಾಯಿ. ಕೊನೆಯ ಪುಟಗಳಲ್ಲಿ ಇವನ ಅಕ್ಷರ: ತಾರೀಕು, ಎಷ್ಟನೇ ಎಳೆತ, ಬಂದದ್ದು ಏನು. ಎದುರಿನ ಕಲಮಿನಲ್ಲಿ ಹೆಚ್ಚಾಗಿ ಬರಿಯ ಗೆರೆ. ರೂಪಾಯಿಯ ಕಲಮಿಗೆ ಅವನು ಏನೂ ಬರೆದಿರಲಿಲ್ಲ. ಕೊನೆಯ ಸಾಲಿನಲ್ಲಿ 71 ಎಂದಿತ್ತು.