ಹದಿಹರೆಯದ ಆರೋಗ್ಯ ಕಾರ್ಯಕ್ರಮ: ಮೊದಲು ಹೆಸರುಪಟ್ಟಿ, ಆಮೇಲೆ ಮಾತ್ರೆ

‘ಸರ್ಕಾರಿ ಆರೋಗ್ಯ ಕಾರ್ಯಕ್ರಮದ ಸ್ಥಳೀಯ ಅನುಷ್ಠಾನವನ್ನು ಬಲಪಡಿಸುವುದು ಹೇಗೆ?’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಮ್ಮಲ್ಲಿ ಹೆಚ್ಚಿನವರು ಜಾಗೃತಿ, ತರಬೇತಿ, ಸಮನ್ವಯ ಎಂದು ಮೂರು ಪದ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಮೂರಕ್ಕಿಂತ ಮುಂಚೆ ಆಗಬೇಕಾದ ಕೆಲಸವೊಂದಿದೆ. ಒಂದು ಉಪಕೇಂದ್ರದ, ಅಂದರೆ ಊರಿಗೆ ಹತ್ತಿರದ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರದ, ವ್ಯಾಪ್ತಿಯಲ್ಲಿ 10ರಿಂದ 19 ವರ್ಷದವರು ಯಾರ್ಯಾರು, ಈಗ ಎಲ್ಲಿದ್ದಾರೆ ಎಂಬ ಹೆಸರುಪಟ್ಟಿ ಸಿದ್ಧವಾಗಬೇಕು. ಚಿಕ್ಕಮಗಳೂರು ಜಿಲ್ಲೆಯನ್ನು ಕಣ್ಣಮುಂದೆ ಇಟ್ಟುಕೊಂಡು ಓದಿದರೆ ಇದು ಯಾಕೆ ಮುಖ್ಯ ಎಂಬುದು ಬೇಗ ಹೊಳೆಯುತ್ತದೆ.

ಹಿನ್ನೆಲೆ, ಚುಟುಕಾಗಿ

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದದ್ದು 2014ರ ಜನವರಿ 7ರಂದು. ಅದಕ್ಕೂ ಮೊದಲು ಹದಿಹರೆಯದವರ ಆರೋಗ್ಯ ಎಂದರೆ ಬಹುಮಟ್ಟಿಗೆ ಸಂತಾನೋತ್ಪತ್ತಿ ಆರೋಗ್ಯ, ಅದೂ ಆಸ್ಪತ್ರೆಯ ಒಳಗೆ. 2014ರ ನಂತರ ವಿಷಯಗಳು ಆರಾದವು: ಪೋಷಣೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವಸ್ತುಗಳ ಬಳಕೆ, ಅಸಾಂಕ್ರಾಮಿಕ ರೋಗಗಳು. ಕೆಲಸದ ಜಾಗವೂ ಆಸ್ಪತ್ರೆಯಿಂದ ಊರಿಗೆ, ಶಾಲೆಗೆ ಬಂತು.

ಇದರ ಜೊತೆಗೇ ಓದಿಕೊಳ್ಳಬೇಕಾದವು ಇನ್ನೂ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡ ಶಾಲೆಗೇ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. 2020ರ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ತರಬೇತುಗೊಳಿಸಬೇಕು. ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ಶುಚಿ ಯೋಜನೆ ನಮ್ಮ ರಾಜ್ಯದ್ದು, 2013-14ರದ್ದು. ಇವು ಒಂದೇ ಇಲಾಖೆಯವಲ್ಲ, ಒಂದೇ ವಯಸ್ಸಿನ ಗುಂಪಿಗೆ ಸೇರಿದವೂ ಅಲ್ಲ. ಪರೀಕ್ಷೆಯಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ.

ಸೋಮವಾರದ ನೀಲಿ ಮಾತ್ರೆ

ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಸ್ಥಳೀಯ ಅನುಷ್ಠಾನದ ಎಲ್ಲ ತೊಡಕುಗಳೂ ಈ ಒಂದು ಮಾತ್ರೆಯಲ್ಲಿ ಕಾಣಿಸುತ್ತವೆ.

ಈಗಿನ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜೊತೆಗೆ ವರ್ಷಕ್ಕೆ ಎರಡು ಸಲ 400 ಮಿಲಿಗ್ರಾಂ ಆಲ್ಬೆಂಡಜೋಲ್, ಅಂದರೆ ಜಂತುಹುಳು ಮಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15-19 ವಯಸ್ಸಿನ ಹುಡುಗಿಯರಲ್ಲಿ ಶೇ 59.1, ಹುಡುಗರಲ್ಲಿ ಶೇ 31.1 ಮಂದಿಗೆ ರಕ್ತಹೀನತೆ ಇತ್ತು. ಹುಡುಗರ ಅಂಕಿಯನ್ನು ದಯವಿಟ್ಟು ಬಿಡಬೇಡಿ, ಮುಂದೆ ಬೇಕಾಗುತ್ತದೆ.

ಮಾತ್ರೆ ಕೊಡುವುದು ಸಾಮಾನ್ಯವಾಗಿ ಸೋಮವಾರ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಮೊದಲ ಅಡ್ಡಿ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಮಳೆ ಜೋರಾದರೆ ಶಾಲೆಗೆ ರಜೆ. ಆ ರಜೆ ಸೋಮವಾರವೇ ಬಿದ್ದರೆ ಆ ವಾರದ ಮಾತ್ರೆ ಹೋಯಿತು. ಮಾಸಿಕ ವರದಿಯಲ್ಲಿ ಕೇಳುವುದು ತಿಂಗಳಲ್ಲಿ 4 ಮಾತ್ರೆ ಸಿಕ್ಕ ಮಕ್ಕಳೆಷ್ಟು ಎಂದು. ಎರಡೇ ಸಿಕ್ಕ ಮಗು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಸೋಮವಾರ ತಪ್ಪಿದರೆ ಅದೇ ವಾರ ಶಾಲೆ ತೆರೆದ ದಿನ ಕೊಡುವುದು, ಹಾಗೆಂದು ಜೂನ್ ಮೊದಲ ವಾರದಲ್ಲೇ ಶಿಕ್ಷಕರಿಗೂ ಮಕ್ಕಳಿಗೂ ತಿಳಿಸಿಡುವುದು. ಕಡೂರಿನ ಬಯಲುಸೀಮೆಯಲ್ಲಿ ಈ ಸಮಸ್ಯೆ ಇಷ್ಟಿಲ್ಲ. ಒಂದೇ ಜಿಲ್ಲೆಯಾದರೂ ಎರಡು ಭಾಗಕ್ಕೆ ಎರಡು ವೇಳಾಪಟ್ಟಿ ಬೇಕಾಗಬಹುದು. ಅದನ್ನು ತೀರ್ಮಾನಿಸಲು ಸರಿಯಾದ ಜಾಗ ತಾಲ್ಲೂಕು ಮಟ್ಟ ಎಂದು ನನ್ನ ಅಭಿಪ್ರಾಯ.

ಎರಡನೆಯದು, ಮಾತ್ರೆ ಕೊಡುವ ಹೊತ್ತು. ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕಾಫಿ, ಚಹಾ ತಡೆಯುತ್ತವೆ. ಹಾಲಿನ ಕ್ಯಾಲ್ಸಿಯಂ ಕೂಡ ಕಡಿಮೆ ಮಾಡುತ್ತದೆ. ನಮ್ಮದು ಕಾಫಿಯ ಸೀಮೆ, ಬೆಳಿಗ್ಗೆ ಕಾಫಿ ಕುಡಿಯದೆ ಹೊರಡುವ ಮನೆ ಕಡಿಮೆ. ಶಾಲೆಯಲ್ಲಿ ಬೆಳಗಿನ ಹೊತ್ತು ಕ್ಷೀರಭಾಗ್ಯದ ಹಾಲು ಬೇರೆ. ಹಾಗಾಗಿ ಮಾತ್ರೆಗೆ ಮಧ್ಯಾಹ್ನದ ಬಿಸಿಯೂಟದ ನಂತರದ ಹೊತ್ತೇ ಸರಿ. ಬರಿಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಮಗು ಮುಂದಿನ ವಾರ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ. ಮಲ ಕಪ್ಪಗಾಗುತ್ತದೆ, ಹೆದರಬೇಕಾಗಿಲ್ಲ ಎಂದು ಮುಂಚೆಯೇ ಹೇಳಬೇಕು. ಊಟಕ್ಕೆ ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಒಳ್ಳೆಯದು. ಶಿಕ್ಷಕರು ಮಕ್ಕಳೆದುರೇ ತಾವೂ ಒಂದು ಮಾತ್ರೆ ನುಂಗಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಪರೀಕ್ಷೆಗೆ ನೆನಪಿಡಿ: ವಾರದ ಮಾತ್ರೆ ತಡೆಗಟ್ಟುವುದಕ್ಕೆ. ರಕ್ತಹೀನತೆ ಪತ್ತೆಯಾದ ಮಗುವಿಗೆ ಬೇಕಾದದ್ದು ದಿನವೂ ತೆಗೆದುಕೊಳ್ಳುವ ಚಿಕಿತ್ಸೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 8 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ, ಮೇಲಿನ ಆಸ್ಪತ್ರೆಗೆ ಕಳಿಸಲೇಬೇಕು.

ಒಂದು ಲೆಕ್ಕ ಮಾಡಿ ನೋಡೋಣ

ಗುಡ್ಡಗಾಡು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ 3,000 ಜನಸಂಖ್ಯೆ ಎಂಬುದು ಮಾನದಂಡ. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ ಸುಮಾರು ಐದನೇ ಒಂದು ಭಾಗ 10-19 ವಯಸ್ಸಿನವರು. ಅದೇ ಅಂದಾಜು ಹಿಡಿದರೆ 600 ಮಂದಿ. ಅಲ್ಲಿನ ಶಾಲೆ, ಕಾಲೇಜುಗಳ ಹಾಜರಿಯಲ್ಲಿ 420 ಹೆಸರು ಇವೆ ಎಂದುಕೊಳ್ಳಿ. ಉಳಿದ 180 ಮಂದಿ ಯಾರು? ಉತ್ತರ ಬರೆಯುವಾಗ ಈ 180ರ ಬಗ್ಗೆ ಬರೆಯಿರಿ, ಅಂಕ ಅಲ್ಲಿದೆ, ಕೆಲಸವೂ ಅಲ್ಲೇ ಇದೆ.

ಸಹವರ್ತಿ ಶಿಕ್ಷಕರ, ಅಂದರೆ ತಮ್ಮದೇ ವಯಸ್ಸಿನವರಿಗೆ ತಿಳಿಹೇಳುವ ಹುಡುಗ ಹುಡುಗಿಯರ, ಲೆಕ್ಕವನ್ನೂ ಇಲ್ಲೇ ಮಾಡಬಹುದು. ಆಯ್ದ ಜಿಲ್ಲೆಗಳಿಂದ ಶುರುವಾದ ಈ ವ್ಯವಸ್ಥೆಯಲ್ಲಿ 1,000 ಜನಸಂಖ್ಯೆಗೆ, ಅಂದರೆ ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿಗೆ, ನಾಲ್ವರು: ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಬ್ಬೊಬ್ಬರ ಗುಂಪಿನಲ್ಲಿ 15-20 ಮಂದಿ. 3,000ಕ್ಕೆ 12 ಮಂದಿ, ಅವರ ಗುಂಪುಗಳಲ್ಲಿ ಹೆಚ್ಚೆಂದರೆ 240. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ 600ರಲ್ಲಿ 360 ಮಂದಿ ಹೊರಗೇ. ಹಾಗಾದರೆ ಆ 240 ಯಾರಾಗಬೇಕು? ಶಾಲೆಯಲ್ಲಿ ಹೇಗೂ ಸಿಗುವ ಜಾಣ ಮಕ್ಕಳನ್ನೇ ಮತ್ತೆ ಸೇರಿಸಿದರೆ ಏನೂ ಬದಲಾಗುವುದಿಲ್ಲ. ಪಟ್ಟಿ ಕೈಯಲ್ಲಿದ್ದರೆ ಶಾಲೆ ಬಿಟ್ಟ 180 ಮಂದಿಯಿಂದ ಶುರುಮಾಡಬಹುದು.

ಶಾಲೆಯ ಹೊರಗಿನವರು

ಚಿಕ್ಕಮಗಳೂರಿನಲ್ಲಿ ಇವರನ್ನು ಹುಡುಕಬೇಕಾದ ಜಾಗ ತೋಟದ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು. ನವೆಂಬರ್‌ನಿಂದ ಕಾಫಿ ಕೊಯ್ಲು ಶುರು, ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ. ಉತ್ತರ ಕರ್ನಾಟಕದಿಂದ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಟುಂಬಗಳು ಬಂದು ಇಳಿಯುತ್ತವೆ. ಹದಿನಾರರ ಹುಡುಗಿ ತಮ್ಮನನ್ನು ನೋಡಿಕೊಳ್ಳುತ್ತಾ ಲೈನಿನಲ್ಲೇ ಉಳಿಯುತ್ತಾಳೆ. ಆಶಾ ಕಾರ್ಯಕರ್ತೆಯ ಮನೆಸಮೀಕ್ಷೆ ಕೊಯ್ಲಿಗೆ ಮುಂಚೆಯೇ ಮುಗಿದಿದ್ದರೆ ಈ ಮಕ್ಕಳು ಯಾವ ಪುಸ್ತಕದಲ್ಲೂ ಇಲ್ಲ. ಹುಟ್ಟೂರಿನ ಪುಸ್ತಕದಲ್ಲಿ ಹೆಸರಿದೆ, ಮಗು ಅಲ್ಲಿಲ್ಲ.

ತೋಟದಲ್ಲಿ ಯಾವ ಲೈನಿಗೆ ಯಾವ ಕುಟುಂಬ ಬಂತು ಎಂಬುದು ಲೆಕ್ಕ ಬರೆಯುವ ರೈಟರಿಗೂ ಮೇಸ್ತ್ರಿಗೂ ಗೊತ್ತಿರುತ್ತದೆ. ಅವರನ್ನು ಮಾತಾಡಿಸದೆ ಪಟ್ಟಿ ಪೂರ್ತಿಯಾಗದು. ಹಗಲು ಹೋದರೆ ದೊಡ್ಡವರು ಯಾರೂ ಸಿಗುವುದಿಲ್ಲ. ಕೂಲಿ ಬಟವಾಡೆಯ ದಿನ, ಇಲ್ಲವೇ ರಜೆಯ ದಿನ ಬೆಳಿಗ್ಗೆ ಹೋಗಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟಗಳಲ್ಲಿ ವಸತಿ, ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆ ಎಂದಿತ್ತು. ಸಣ್ಣ ತೋಟಗಳು ಆ ಕಾಯ್ದೆಯ ಹೊರಗಿದ್ದವು. ಅಲ್ಲಿನ ಮಕ್ಕಳ ಆರೋಗ್ಯಕ್ಕೆ ಸರ್ಕಾರಿ ಉಪಕೇಂದ್ರವೇ ಗತಿ.

ಇಲ್ಲಿ ಹುಡುಗರ ಮಾತು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯ ಮೂಲಕ ವಾರದ ಮಾತ್ರೆ ಕೊಡಲು ಅವಕಾಶವಿದೆ. ಶಾಲೆ ಬಿಟ್ಟ ಹುಡುಗ ಆ ಯೋಜನೆಯಲ್ಲಿ ಇಲ್ಲವೇ ಇಲ್ಲ. ಹತ್ತನೇ ತರಗತಿ ಫೇಲಾಗಿ ಪಿಕಪ್ ವಾಹನದ ಕ್ಲೀನರ್ ಆಗಿರುವ ಹದಿನೇಳರ ಹುಡುಗನಿಗೆ ಮಾತ್ರೆಯೂ ಇಲ್ಲ, ತಪಾಸಣೆಯೂ ಇಲ್ಲ. ಗುಟ್ಕಾ, ಮದ್ಯ, ಬೈಕ್ ಅಪಘಾತ ಇವನನ್ನು ಮೊದಲು ಮುಟ್ಟುತ್ತವೆ. ಆರು ವಿಷಯಗಳಲ್ಲಿ ಕನಿಷ್ಠ ಮೂರು ಇವನಿಗೇ ಸಂಬಂಧಿಸಿದ್ದು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ನೋವು ತರುವ ಬಿರುಕು ಇದೇ.

ಸ್ನೇಹ ಕ್ಲಿನಿಕ್

ಕರ್ನಾಟಕದಲ್ಲಿ ಹದಿಹರೆಯದವರ ಆಪ್ತ ಸಮಾಲೋಚನೆಯ ಕೇಂದ್ರಕ್ಕೆ ಈ ಹೆಸರು. ಸಣ್ಣ ಪೇಟೆಯಲ್ಲಿ ಆ ಬೋರ್ಡಿನ ಕೆಳಗೆ ಒಬ್ಬ ಹುಡುಗಿ ನಿಂತರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಸಾಮಾನ್ಯ ಹೊರರೋಗಿ ವಿಭಾಗದ ಬಾಗಿಲಿನಿಂದಲೇ ಒಳಬಂದು, ಬಾಗಿಲು ಹಾಕಿದ ಕೋಣೆಯಲ್ಲಿ ಮಾತಾಡುವಂತಿರಬೇಕು. ಸಮಯವೂ ಬಸ್ಸಿಗೆ ಹೊಂದಬೇಕು. ಆನೆ ಓಡಾಡುವ ದಾರಿಯಲ್ಲಿ ಕತ್ತಲಾದ ಮೇಲೆ ನಡೆದು ಹೋಗಲು ಯಾರೂ ಮಗಳನ್ನು ಬಿಡುವುದಿಲ್ಲ.

ಕಾನೂನಿನ ಒಂದು ವಿಷಯ ಸ್ಪಷ್ಟವಿರಲಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ತಿಳಿದರೆ ವರದಿ ಮಾಡುವುದು ಕಡ್ಡಾಯ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬಾರದು. ಗುಟ್ಟಾಗಿಡುವುದು ಯಾವುದು, ಕಾನೂನು ಪ್ರಕಾರ ತಿಳಿಸಲೇಬೇಕಾದದ್ದು ಯಾವುದು ಎಂದು ಮಾತು ಶುರುವಾಗುವ ಮುಂಚೆ ಮಗುವಿಗೆ ಹೇಳಬೇಕು. ಮನಸ್ಸಿನ ಸಂಕಟಕ್ಕೆ ಟೆಲಿಮನಸ್ ಸಹಾಯವಾಣಿ 14416, ಮಕ್ಕಳ ರಕ್ಷಣೆಗೆ 1098. ಈ ಎರಡು ಸಂಖ್ಯೆ ಬಾಯಿಪಾಠ ಇರಲಿ.

ಪಟ್ಟಿ ಯಾರ ಕೈಯಲ್ಲಿರಬೇಕು?

ಶಾಲೆಯ ಹಾಜರಿ ಶಿಕ್ಷಣ ಇಲಾಖೆಯದು, ಶಾಲೆ ಬಿಟ್ಟ ಹುಡುಗಿಯರ ಹೆಸರು ಅಂಗನವಾಡಿಯಲ್ಲಿ, ಮನೆಸಮೀಕ್ಷೆ ಆಶಾ ಬಳಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಕಾಣುವ ಜಾಗ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ ಹೇಗೂ ಅಲ್ಲಿ ಕೂರುತ್ತಾರೆ, ಮುಖ್ಯಶಿಕ್ಷಕರನ್ನು ಕರೆದರಾಯಿತು. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯದ ನೀರು, ಪ್ಯಾಡ್ ಸುಡುವ ವ್ಯವಸ್ಥೆ, ಶಾಲೆಯ ನೂರು ಗಜದೊಳಗೆ ಬೀಡಿ, ಸಿಗರೇಟು ಮಾರುವ ಅಂಗಡಿ ಇವನ್ನು ಮಕ್ಕಳೇ ಎತ್ತುವಂತೆ ಮಾಡಬಹುದು. ಖಾಸಗಿ ಸಂಕಟಗಳಿಗೆ ಮಾತ್ರ ಆ ಸಭೆ ಜಾಗವಲ್ಲ. ಪಟ್ಟಿಯಲ್ಲೂ ಕಾಯಿಲೆಯ ವಿವರ ಬರೆಯಬಾರದು.

ಕ್ಷೇತ್ರಕಾರ್ಯಕ್ಕೆ ಹೋಗುವವರು ಪಟ್ಟಿಯಲ್ಲಿ ಹೆಸರು, ವಯಸ್ಸು, ಈಗ ಇರುವ ಜಾಗ, ಓದು ಅಥವಾ ಕೆಲಸ, ಇಷ್ಟು ಬರೆದ ಮೇಲೆ ಇನ್ನೆರಡು ಅಂಕಣ ಹಾಕಿಕೊಳ್ಳಿ: ‘ಆಸ್ಪತ್ರೆಗೆ ಕಳಿಸಿದ ದಿನಾಂಕ’, ‘ಹೋಗಿ ಬಂದ ದಿನಾಂಕ’. ಸಂಚಾರಿ ತಂಡ ತಪಾಸಣೆ ಮಾಡಿ ಚೀಟಿ ಬರೆದುಕೊಟ್ಟಿರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ, ಚೀಟಿ ಚೀಲದಲ್ಲೇ ಉಳಿಯುತ್ತದೆ. ಎರಡನೇ ಅಂಕಣ ಖಾಲಿ ಇರುವ ಹೆಸರುಗಳನ್ನು ತಿಂಗಳಿಗೊಮ್ಮೆ ಉಪಕೇಂದ್ರದ ಆರೋಗ್ಯ ಸುರಕ್ಷಾಧಿಕಾರಿಗೆ ಓದಿ ಹೇಳಿ, ಆ ಮನೆಗಳಿಗೆ ಯಾರು ಯಾವಾಗ ಹೋಗುತ್ತಾರೆ ಎಂದು ಅಲ್ಲೇ ಬರೆದುಕೊಳ್ಳಿ.