ಉಗುರು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ

ಕಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ಚುಚ್ಚಿಕೊಂಡು ಬಾತಾಗ ಸಿಗುವ ಸಲಹೆಗಳಲ್ಲಿ ಒಂದಕ್ಕೆ ಸಾವೇ ಇಲ್ಲ: ತುದಿಯ ನಡುವೆ ‘ವಿ’ ಆಕಾರದಲ್ಲಿ ಕತ್ತರಿಸಿ, ಆ ಸಂದು ಮುಚ್ಚಲು ಎರಡು ಅಂಚುಗಳೂ ನಡುವಿಗೆ ಸರಿಯುತ್ತವೆ ಎಂಬುದು. ಸರಿಯುವುದಿಲ್ಲ. ತುದಿಯಲ್ಲಿರುವುದು ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಸತ್ತ ಕೋಶಗಳು. ಅವು ಬೆಳೆಯುವುದೂ ಇಲ್ಲ, ಕೂಡಿಕೊಳ್ಳುವುದೂ ಇಲ್ಲ.

ಉಗುರು ತಯಾರಾಗುವ ಜಾಗ ಬುಡದ ಚರ್ಮದ ಮಡಿಕೆಯ ಅಡಿಯಲ್ಲಿದೆ. ವೈದ್ಯರು ಅದನ್ನು ಮೇಟ್ರಿಕ್ಸ್ ಎನ್ನುತ್ತಾರೆ. ಉಗುರಿನ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರ ಅದರದೇ ಮುಂದಿನ ಅಂಚು. ಶ್ಯಾವಿಗೆ ಒರಳನ್ನು ನೆನೆಸಿಕೊಳ್ಳಿ: ಕೆಳಗೆ ಇಳಿಬಿದ್ದ ಎಳೆಯನ್ನು ಹೇಗೇ ಕತ್ತರಿಸಿದರೂ ಮುಂದಿನ ಎಳೆಯ ದಪ್ಪವನ್ನು ತೀರ್ಮಾನಿಸುವುದು ಅಚ್ಚಿನ ತೂತು. ಉಗುರಿನ ಅಗಲ, ದಪ್ಪ ಎಲ್ಲವೂ ಹೀಗೆ ಬುಡದಲ್ಲೇ ನಿಶ್ಚಯವಾಗಿ ನಿಧಾನವಾಗಿ ಮುಂದೆ ಬರುತ್ತವೆ.

ಎಷ್ಟು ನಿಧಾನ? ಅಮೆರಿಕದ ವೈದ್ಯ ವಿಲಿಯಂ ಬೀನ್ 1941ರಿಂದ ತನ್ನ ಕೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಗೀರು ಹಾಕಿ, ಅದು ತುದಿ ತಲುಪುವುದನ್ನು 35 ವರ್ಷ ಅಳೆದರು. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ. ಬೆಳೆಯುತ್ತಿದ್ದ ಉಗುರು, 67ಕ್ಕೆ ಬರುವಾಗ 0.095 ಮಿ.ಮೀ.ಗೆ ಇಳಿದಿತ್ತು. ಎಂಥ ತಾಳ್ಮೆ! ಕಾಲಿನ ಉಗುರು ಇದರ ಅರ್ಧ ವೇಗದ್ದು, ತಿಂಗಳಿಗೆ ಸುಮಾರು 1.6 ಮಿ.ಮೀ. ಕಾಲಿನ ಹೆಬ್ಬೆರಳಿನದು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಜೋರು ಜ್ವರ ಬಂದುಹೋದ ಮೇಲೆ ಉಗುರಿನ ಮೇಲೆ ಅಡ್ಡಗೆರೆಯಂಥ ತಗ್ಗು ಮೂಡುವುದುಂಟು. ಫ್ರಾನ್ಸಿನ ವೈದ್ಯ ಬೋ 1846ರಲ್ಲೇ ಇದನ್ನು ವಿವರಿಸಿದ್ದರು. ಬುಡದಿಂದ ಆ ತಗ್ಗಿಗಿರುವ ದೂರವನ್ನು ಅಳೆದರೆ ಕಾಯಿಲೆ ಬಿದ್ದು ಎಷ್ಟು ತಿಂಗಳಾಯಿತೆಂದು ಅಂದಾಜು ಮಾಡಬಹುದು. ಕ್ಯಾಲ್ಸಿಯಂ ಕೊರತೆಯೆಂದು ಹೆದರಿಸುವ ಬಿಳಿ ಚುಕ್ಕೆಗಳೂ ಸಾಮಾನ್ಯವಾಗಿ ಮೇಟ್ರಿಕ್ಸಿಗೆ ಎಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು, ಅಷ್ಟೆ.

ಇನ್ನು ಚುಚ್ಚುವ ಉಗುರಿನ ವಿಷಯ. ಮೂಲೆಯನ್ನು ಗುಂಡಗೆ, ಆಳಕ್ಕೆ ಕತ್ತರಿಸುವಾಗ ನೈಲ್‌ಕಟರ್ ತಲುಪದ ಕಡೆ ಒಂದು ಚೂಪು ತುಣುಕು ಉಳಿದುಬಿಡುತ್ತದೆ. ಉಗುರು ಮುಂದೆ ಸರಿದಂತೆ ಅದು ಪಕ್ಕದ ಚರ್ಮವನ್ನು ಸೀಳುತ್ತದೆ. ಬೆರಳನ್ನು ಒತ್ತುವ ಬಿಗಿ ಶೂ, ಬೆವರಿಗೆ ನೆನೆದು ಮೆತ್ತಗಾದ ಚರ್ಮ ಇದ್ದರೆ ಇನ್ನೂ ಸಲೀಸು. ಬಾವು, ಕೀವು, ಕೊನೆಗೆ ಮುಟ್ಟಿದರೆ ರಕ್ತ ಜಿನುಗುವ ಕೆಂಪು ಮಾಂಸ. ಆ್ಯಂಟಿಬಯೋಟಿಕ್ ನುಂಗಿದರೆ ಕೀವು ತಗ್ಗಬಹುದು, ಆದರೆ ತುಣುಕು ಅಲ್ಲೇ ಇರುವುದರಿಂದ ನೋವು ಮರಳುತ್ತದೆ. ಕೈಬೆರಳಿನ ಉಗುರುಸುತ್ತಿಗೆ ನಿಂಬೆಹಣ್ಣು ತೊಡಿಸುವಂತೆ ಇದಕ್ಕೂ ನಿಂಬೆರಸ, ಸುಣ್ಣ–ಅರಿಶಿನ ಮೆತ್ತುವವರಿದ್ದಾರೆ. ದಯವಿಟ್ಟು ಬೇಡ. ಸುಣ್ಣ ತೆರೆದ ಗಾಯವನ್ನು ಸುಡುತ್ತದೆ. ಉಗುರಿನ ತುಣುಕಿಗೆ ಏನೂ ಆಗುವುದಿಲ್ಲ.

ಕೀವಿಲ್ಲದ ಹಂತದಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಇಷ್ಟು: ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕಾಲಿಟ್ಟು, ಒರೆಸಿ, ಹೊಸೆದ ಹತ್ತಿಯ ಎಳೆಯೊಂದನ್ನು ಉಗುರಿನ ಮೂಲೆಯಡಿ ನಾಜೂಕಾಗಿ ಸೇರಿಸಬೇಕು. ಅಂಟುಪಟ್ಟಿಯ ಒಂದು ತುದಿಯನ್ನು ಉಗುರಿನ ಪಕ್ಕದ ಚರ್ಮಕ್ಕೆ ಅಂಟಿಸಿ, ಚರ್ಮವನ್ನು ಉಗುರಿನಿಂದ ದೂರಕ್ಕೆಳೆಯುವಂತೆ ಬೆರಳ ಕೆಳಗಿನಿಂದ ಓರೆಯಾಗಿ ಸುತ್ತಬೇಕು. ಎರಡನ್ನೂ ದಿನವೂ ಬದಲಿಸಬೇಕು. ಮೂಲೆ ಚರ್ಮವನ್ನು ದಾಟಿ ಹೊರಗೆ ಬರುವವರೆಗೆ, ಅಂದರೆ ಕೆಲವು ವಾರ, ಕತ್ತರಿಸಲೇಬಾರದು. ಆಮೇಲೆ ನೇರಕ್ಕೆ ಕತ್ತರಿಸಿ, ಒಂದು ಮಿ.ಮೀ. ಬಿಳಿ ಉಳಿಸಬೇಕು.

ಮತ್ತೆ ಮತ್ತೆ ಬರುತ್ತಿದ್ದರೆ ಉಗುರನ್ನು ಪೂರ್ತಿ ಕಿತ್ತು ಪ್ರಯೋಜನವಿಲ್ಲ. ಮೇಟ್ರಿಕ್ಸ್ ಅದೇ ಅಗಲದ ಉಗುರನ್ನು ಮತ್ತೆ ಕಳಿಸುತ್ತದೆ. ಸರಿಯಾದ ದಾರಿ ಬುಡಕ್ಕೇ ಕೈಹಾಕುವುದು. ಬೆರಳ ಬುಡಕ್ಕೆ ಲಿಡೊಕೇನ್ ಚುಚ್ಚಿ ಮರಗಟ್ಟಿಸಿ, ರಕ್ತ ಬಾರದಂತೆ ಪಟ್ಟಿ ಬಿಗಿದು, ಚುಚ್ಚುವ ಅಂಚಿನ 2–3 ಮಿ.ಮೀ. ಪಟ್ಟಿಯನ್ನಷ್ಟೇ ಬುಡದವರೆಗೆ ಸೀಳಿ ತೆಗೆಯುತ್ತಾರೆ. ಆ ಜಾಗದ ಮೇಟ್ರಿಕ್ಸಿಗೆ ಶೇ 88ರ ಫೀನಾಲನ್ನು ಒಂದೆರಡು ನಿಮಿಷ ಉಜ್ಜುತ್ತಾರೆ. 1865ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯದ ಕ್ರಿಮಿ ಕೊಲ್ಲಲು ಬಳಸಿದ ಕಾರ್ಬಾಲಿಕ್ ಆಮ್ಲ ಇದೇ. ಇಲ್ಲಿ ಅದು ಕೊಲ್ಲುವುದು ಉಗುರು ಹುಟ್ಟಿಸುವ ಕೋಶಗಳನ್ನು. ರಕ್ತ ಬೆರೆತರೆ ಫೀನಾಲ್ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಜಾಗ ಒಣಗಿರಲೇಬೇಕು. ರಕ್ತ ತಡೆಯಲು ಬಿಗಿದ ಪಟ್ಟಿಯನ್ನು ಕೆಲಸ ಮುಗಿದೊಡನೆ ಬಿಚ್ಚಬೇಕು. ಎರಡರಿಂದ ನಾಲ್ಕು ವಾರ ನೀರು ಜಿನುಗುತ್ತದೆ. ಅದು ರಾಸಾಯನಿಕ ಸುಟ್ಟದ್ದರಿಂದ, ಸೋಂಕೆಂದು ಗಾಬರಿ ಬೇಡ. ಕೆಂಪು ಹರಡುತ್ತಿದ್ದರೆ, ನೋವು ಹೆಚ್ಚುತ್ತಿದ್ದರೆ ಮಾತ್ರ ತಕ್ಷಣ ತೋರಿಸಿ.

ಹಳದಿಗಟ್ಟಿ ದಪ್ಪವಾಗುವ, ಪುಡಿಯುದುರುವ ಉಗುರಿಗೂ ಇದೇ ನಿಧಾನದ ಲೆಕ್ಕ. ಎಲ್ಲ ದಪ್ಪ ಉಗುರೂ ಶಿಲೀಂಧ್ರ (ಫಂಗಸ್) ಸೋಂಕಿನದಲ್ಲ. ಸೋರಿಯಾಸಿಸ್ ಎಂಬ ಚರ್ಮರೋಗ, ಶೂ ತಿಕ್ಕಾಟವೂ ಹೀಗೇ ಕಾಣುತ್ತವೆ. ಆದ್ದರಿಂದ ಉಗುರಡಿಯ ಪುಡಿಯನ್ನು ಪರೀಕ್ಷಿಸದೆ ಮಾತ್ರೆ ಶುರುಮಾಡಬಾರದು. ಶಿಲೀಂಧ್ರವೆಂದು ಖಾತರಿಯಾದರೆ ದೊಡ್ಡವರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಟರ್ಬಿನಫಿನ್, ದಿನಕ್ಕೆ 250 ಮಿ.ಗ್ರಾಂ., 12 ವಾರ. ಮೊದಲು ಲಿವರ್ ಪರೀಕ್ಷೆ. ಹನ್ನೆರಡು ವಾರ ಮುಗಿದಾಗಲೂ ಉಗುರು ಹಾಗೇ ಕೊಳಕಾಗಿರುತ್ತದೆ, ಔಷಧ ಸೋತಿತೆಂದು ಎಷ್ಟೋ ಜನ ಕೈಬಿಡುತ್ತಾರೆ. ಆದರೆ ಮಾತ್ರೆ ನಿಲ್ಲಿಸಿದ ಮೇಲೂ ಔಷಧ ತಿಂಗಳುಗಟ್ಟಲೆ ಉಗುರಿನೊಳಗೆ ಉಳಿದಿರುತ್ತದೆ. ನೋಡಬೇಕಾದದ್ದು ತುದಿಯನ್ನಲ್ಲ: ಬುಡದಿಂದ ಬರುತ್ತಿರುವ ಪಟ್ಟಿ ತಿಳಿಗುಲಾಬಿಯಾಗಿ, ತೆಳ್ಳಗೆ ಇದ್ದರೆ ಚಿಕಿತ್ಸೆ ಗೆಲ್ಲುತ್ತಿದೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ, ಕಾಲಿನ ರಕ್ತ ಸಂಚಾರ ಕಡಿಮೆಯಿರುವವರಿಗೆ ಮೇಲಿನ ಮನೆಮದ್ದು ಯಾವುದೂ ಅಲ್ಲ. ನೀರು ಸುಡುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ, ಕಟರ್ ಚರ್ಮ ಕಚ್ಚಿದರೂ ತಿಳಿಯುವುದಿಲ್ಲ. ಅಂಥವರ ಉಗುರು ಚುಚ್ಚತೊಡಗಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.